ಒಡೆಯನ ಪಾಲು, ಒತ್ತೆಯ ಪಾಲು

ಕೂಡುಬಂಡವಾಳದ ಸಂಸ್ಥೆಯೊಂದರಲ್ಲಿ ಅದನ್ನು ನಡೆಸುವವನ ಸ್ವಂತ ಹಣ ಎಷ್ಟಿದೆ ಎಂಬ ಪ್ರಶ್ನೆ ವ್ಯಾಪಾರಸ್ಥ ಮನೆತನಗಳಿಗೆ ಹೊಸದಲ್ಲ. ಗದಗ-ಬೆಟಗೇರಿಯ ಅಡತ್ ಅಂಗಡಿಗಳಲ್ಲಿ ಪಾಲುದಾರಿಕೆ ಕೂಡಿಸುವಾಗ ಮೊದಲು ಕೇಳುವ ಮಾತೇ ಅದು. ಆದರೆ ಅದರ ಬೆನ್ನಿಗೆ ಕೇಳಬೇಕಾದ ಎರಡನೆಯ ಪ್ರಶ್ನೆಯೊಂದುಂಟು: ಆ ಹಣ ನಿಜವಾಗಿ ಅವನದೇ, ಇಲ್ಲವೆ ಬೇರೆಲ್ಲಿಯೋ ಒತ್ತೆಯಿಟ್ಟು ತಂದುದೇ? ಮೊದಲನೆಯದನ್ನು ಕೇಳಿ ಎರಡನೆಯದನ್ನು ಮರೆತುದರ ಬೆಲೆಯನ್ನು ಈ ದೇಶದ ಷೇರುದಾರರು ಕಳೆದ ಒಂದೂವರೆ ಶತಮಾನದಲ್ಲಿ ಹಲವು ಬಾರಿ ತೆತ್ತಿದ್ದಾರೆ. ಆ ಇತಿಹಾಸದ ಮೊದಲ ಅಧ್ಯಾಯದಲ್ಲಿ ಗದಗ ಸೀಮೆಯ ಹತ್ತಿಯೂ ಇದೆ, ಪ್ರಖ್ಯಾತನಾದ ಒಬ್ಬ ಜೈನ ಶ್ರಾವಕನೂ ಇದ್ದಾನೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಸಂಸ್ಥಾನಗಳ ಬಂದರುಗಳು ಮುಚ್ಚಿದವು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಇಂಗ್ಲೆಂಡಿನ ದೃಷ್ಟಿ ಹಿಂದುಸ್ತಾನದ ಕಡೆಗೆ ಹೊರಳಿತು. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿಯನ್ನು ಬೆಳೆಯುವ ಪ್ರಯೋಗ ನಡೆದು, 'ಧಾರವಾಡ ಅಮೆರಿಕನ್' ಎಂಬ ಹೆಸರೇ ಪೇಟೆಯಲ್ಲಿ ನಿಂತಿತ್ತು. ಗದಗ ಆಗ ಡಂಬಳ ತಾಲೂಕಿನ ಮುಖ್ಯ ಪಟ್ಟಣ. ಇಲ್ಲಿಗೆ ರೈಲು ಬಂದದ್ದು 1884ರ ಸುಮಾರಿಗೆ. ಅದಕ್ಕೆ ಮೊದಲು ಕರಿಯ ನೆಲದ ಹತ್ತಿಯೆಲ್ಲ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗೇರಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ನಾಡಹತ್ತಿಗೆ 'ಕುಮಟಾ ಹತ್ತಿ'ಯೆಂದು ಹೆಸರಾದುದು ಇದರಿಂದಲೇ.

ಯುದ್ಧಕಾಲದಲ್ಲಿ ಬೆಲೆ ಹಲವು ಮಡಿ ಏರಿತು. ಏರಿದ ಬೆಲೆಯೊಡನೆ ಕಲಬೆರಕೆಯೂ ಏರಿತೆಂಬುದಕ್ಕೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲೆಂದೇ ಪ್ರತ್ಯೇಕ ಕಾಯಿದೆ ತಂದುದೇ ಸಾಕ್ಷಿ. ಒಳ್ಳೆಯ ಸರಕಿನಲ್ಲಿ ಹೀನ ಸರಕನ್ನು ಬೆರೆಸುವ ಈ ಕೃತ್ಯವನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ 'ಪ್ರತಿರೂಪಕ ವ್ಯವಹಾರ'ವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆದರೆ ಹತ್ತಿಯ ಅಂಡಿಗೆಯನ್ನು ಬಿಚ್ಚಿ ನೋಡಬಹುದು. ಮುಂಬಯಿಯಲ್ಲಿ ಅದೇ ಹೊತ್ತಿಗೆ ಹುಟ್ಟುತ್ತಿದ್ದ ಇನ್ನೊಂದು ಸರಕನ್ನು ಬಿಚ್ಚಿ ನೋಡುವ ಬಗೆ ಯಾರಿಗೂ ತಿಳಿದಿರಲಿಲ್ಲ. ಅದು ಷೇರು.

ಹತ್ತಿಯಿಂದ ಬಂದ ಹಣ ಮುಂಬಯಿಯಲ್ಲಿ ಹಿಡಿಸಲಾರದಷ್ಟಾಯಿತು. ಬ್ಯಾಂಕುಗಳು, ಹಣಕಾಸಿನ ಸಂಘಗಳು, ಸಮುದ್ರವನ್ನು ತುಂಬಿ ನೆಲಮಾಡುವ ಕಂಪನಿಗಳು ದಿನಬೆಳಗಾದರೆ ಹುಟ್ಟತೊಡಗಿದವು. ಇವುಗಳ ನಡುಗಂಬವಾಗಿದ್ದವರು ಪ್ರೇಮಚಂದ ರಾಯಚಂದ. ಸೂರತ್ತಿನ ಜೈನ ಮನೆತನದಲ್ಲಿ 1831ರಲ್ಲಿ ಹುಟ್ಟಿದ ಇವರು ಹತ್ತಿಯ ವ್ಯಾಪಾರದಲ್ಲಿಯೂ ಷೇರು ದಲಾಲಿಯಲ್ಲಿಯೂ ಸಮಾನರಿಲ್ಲದವರೆನಿಸಿದ್ದರು. ಯಾವ ಹೊಸ ಕಂಪನಿಯ ಷೇರುಗಳು ಯಾರಿಗೆ ಹಂಚಿಕೆಯಾಗಬೇಕೆಂಬುದು ಬಹುಮಟ್ಟಿಗೆ ಅವರ ಮಾತಿನ ಮೇಲೆ ನಿಂತಿತ್ತು. ಬ್ಯಾಕ್ ಬೇ ಸಮುದ್ರವನ್ನು ತುಂಬುವ ಕಂಪನಿ ಇವುಗಳಲ್ಲೆಲ್ಲ ದೊಡ್ಡದು. ಒಂದು ಗಜ ನೆಲ ಮೇಲೆದ್ದು ಕಾಣುವ ಮುನ್ನವೇ ಅದರ ಷೇರು ಮುಖಬೆಲೆಯ ಹಲವು ಪಟ್ಟಿಗೆ ಕೈಬದಲಾಗುತ್ತಿತ್ತು.

ಇಲ್ಲಿ ಹಣ ಹೇಗೆ ಸುತ್ತುತ್ತಿತ್ತೆಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. 1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆ ಸರಕಾರದ ಪಾಲೂ ಇದ್ದ, ಗೌರವಸ್ಥ ಸಂಸ್ಥೆ. ಷೇರುಗಳ ಆಧಾರದ ಮೇಲೆ ಸಾಲ ಕೊಡಲು ಅದಕ್ಕೆ ಮೊದಲು ಇದ್ದ ನಿರ್ಬಂಧಗಳನ್ನು 1863ರ ಹೊಸ ಕಾಯಿದೆ ಸಡಿಲಿಸಿತು. ಅಲ್ಲಿಂದ ಚಕ್ರ ತಿರುಗತೊಡಗಿತು. ಪ್ರವರ್ತಕನು ತನ್ನ ಕಂಪನಿಯ ಷೇರನ್ನು ಬ್ಯಾಂಕಿನಲ್ಲಿ ಒತ್ತೆಯಿಡುತ್ತಾನೆ; ಪೇಟೆಯ ಬೆಲೆಗೆ ಅನುಗುಣವಾಗಿ ಸಾಲ ಸಿಗುತ್ತದೆ; ಆ ಸಾಲದಿಂದ ಅದೇ ಷೇರುಗಳನ್ನೋ ಬಳಗದ ಕಂಪನಿಗಳ ಷೇರುಗಳನ್ನೋ ಇನ್ನಷ್ಟು ಕೊಳ್ಳುತ್ತಾನೆ; ಬೆಲೆ ಏರುತ್ತದೆ; ಏರಿದ ಬೆಲೆಯ ಮೇಲೆ ಮತ್ತೆ ಸಾಲ. ಹೊರಗಿನಿಂದ ನೋಡುವವರಿಗೆ ಪ್ರವರ್ತಕನ ಪಾಲು ಬೆಳೆಯುತ್ತಿರುವಂತೆ ಕಾಣುತ್ತದೆ. 'ಮನೆಯ ಯಜಮಾನನೇ ಕೊಳ್ಳುತ್ತಿದ್ದಾನೆ, ನಮಗೇಕೆ ಸಂಶಯ' ಎಂದು ಸಾಮಾನ್ಯರೂ ಕೊಳ್ಳುತ್ತಾರೆ. ವಾಸ್ತವದಲ್ಲಿ ಯಜಮಾನನ ಹಣ ಎಂದೋ ಮುಗಿದಿದೆ. ಅಲ್ಲಿರುವುದು ಬ್ಯಾಂಕಿನ ಠೇವಣಿದಾರರ ಹಣ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದನು. ಸುದ್ದಿ ಮುಂಬಯಿ ತಲುಪಿದಾಗ ಹತ್ತಿಯ ಬೆಲೆ ಕುಸಿಯಿತು, ಅದರ ಹಿಂದೆ ಷೇರುಗಳೂ ಕುಸಿದವು. ವಾಯಿದೆ ವ್ಯಾಪಾರಗಳ ಲೆಕ್ಕ ತೀರಿಸಬೇಕಾದ ದಿನ ಜುಲೈ 1. ಅಂದು ಕೊಡಬೇಕಾದವರ ಕೈಯಲ್ಲಿ ಏನೂ ಇರಲಿಲ್ಲ. ಏರುವಾಗ ತಿರುಗಿದ ಚಕ್ರ ಈಗ ಹಿಂದಕ್ಕೆ ತಿರುಗಿತು: ಬೆಲೆ ಇಳಿದಾಗ ಒತ್ತೆ ಸಾಲದೆ ಬ್ಯಾಂಕು ಷೇರು ಮಾರಲು ಹೊರಟಿತು, ಮಾರಿದಷ್ಟೂ ಬೆಲೆ ಇನ್ನಿಷ್ಟು ಇಳಿಯಿತು. ಬ್ಯಾಂಕ್ ಆಫ್ ಬಾಂಬೆ ತನ್ನ ಬಂಡವಾಳದ ಬಹುಪಾಲನ್ನು ಕಳೆದುಕೊಂಡು ಮುಚ್ಚಬೇಕಾಯಿತು. 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕನ್ನು ಕಟ್ಟಲಾಯಿತು. ಸರ್ ಚಾರ್ಲ್ಸ್ ಜಾಕ್ಸನ್ನರ ವಿಚಾರಣಾ ಮಂಡಲಿ ಸಡಿಲವಾದ ಕಾಯಿದೆಯನ್ನೂ ಸೆಕ್ರೆಟರಿಗಳ ದೌರ್ಬಲ್ಯವನ್ನೂ ನಿರ್ದೇಶಕರ ಅಲಕ್ಷ್ಯವನ್ನೂ ಕಾರಣಗಳಾಗಿ ಎತ್ತಿ ತೋರಿಸಿತು.

ಪ್ರೇಮಚಂದರ ಹೆಸರನ್ನು ಸಮಾಜದಲ್ಲಿ ಸಾಮಾನ್ಯವಾಗಿ ನೆನೆಯುವುದು ದಾನಿಯೆಂದು. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಗಡಿಯಾರದ ಗೋಪುರಕ್ಕೂ ಅವರು ಉದಾರವಾಗಿ ಕೊಟ್ಟರು. 1878ರಲ್ಲಿ ಪೂರ್ಣಗೊಂಡ ಆ ಗೋಪುರಕ್ಕೆ ತಾಯಿ ರಾಜಾಬಾಯಿಯವರ ಹೆಸರಿದೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ವ್ರತವಿದ್ದ, ಕಣ್ಣು ಕಾಣದ ತಾಯಿಗೆ ಹೊತ್ತು ತಿಳಿಯಲೆಂದು ಗಂಟೆ ಕಟ್ಟಿಸಿದರೆಂಬ ಮಾತು ಜನಜನಿತ. ದಿವಾಳಿಯ ತರುವಾಯ ಅವರು ಮತ್ತೆ ವ್ಯಾಪಾರವನ್ನು ಕಟ್ಟಿ ನಿಲ್ಲಿಸಿದುದೂ, 1875ರಲ್ಲಿ ಮುಂಬಯಿಯ ದಲಾಲರ ಸಂಘಕ್ಕೆ ಅಡಿಪಾಯವಿಟ್ಟವರಲ್ಲಿ ಒಬ್ಬರಾದುದೂ ನಿಜ. ಇವೆಲ್ಲ ಗೌರವಕ್ಕೆ ಅರ್ಹವಾದ ಸಂಗತಿಗಳೇ. ಆದರೆ ದಾನದ ಲೆಕ್ಕ ಬೇರೆ, ಒತ್ತೆಯ ಲೆಕ್ಕ ಬೇರೆ. ಆ ವರ್ಷ ಮನೆಮಠ ಕಳೆದುಕೊಂಡವರಿಗೆ ಗೋಪುರದ ಗಂಟೆಯಿಂದ ಏನೂ ದೊರೆಯಲಿಲ್ಲ. ದೊಡ್ಡವರ ಚರಿತ್ರೆ ಬರೆಯುವಾಗ ಒಂದು ಪುಟವನ್ನು ಓದಿ ಇನ್ನೊಂದನ್ನು ಮಡಿಸಿಡುವ ರೂಢಿ ಒಳ್ಳೆಯದಲ್ಲ.

ಆ ಕುಸಿತದ ನಂತರ ಬೆಳೆದದ್ದು ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ. ಗಿರಣಿಯ ಷೇರುಗಳು ಹಲವರ ಕೈಯಲ್ಲಿ. ಆಡಳಿತ ಮಾತ್ರ ಒಂದು ಮನೆತನದ ಇಲ್ಲವೆ ಒಂದು ಪೇಢಿಯ ಕೈಯಲ್ಲಿ. 1885ರಲ್ಲಿ ಸ್ಥಾಪನೆಗೊಂಡ ಗೋಕಾಕದ ಗಿರಣಿಯೂ ಮುಂಬಯಿಯ ಫೋರ್ಬ್ಸ್ ಪೇಢಿಯ ಆಡಳಿತದಲ್ಲಿ ಬೆಳೆದದ್ದೇ. ಈ ಪದ್ಧತಿಯಿಂದ ಉಪಕಾರವಾಗಲಿಲ್ಲವೆನ್ನಲಾಗದು; ಬ್ಯಾಂಕುಗಳು ಗಿರಣಿಗಳಿಗೆ ದೀರ್ಘಾವಧಿಯ ಸಾಲ ಕೊಡದಿದ್ದ ಕಾಲದಲ್ಲಿ ಏಜೆಂಟರ ಹೆಸರನ್ನು ನಂಬಿ ಜನ ಠೇವಣಿಯಿಟ್ಟರು. ಆದರೆ ಮುಂಬಯಿಯ ಅನೇಕ ಏಜೆಂಟರು ತಮ್ಮ ಕಮಿಷನ್ನನ್ನು ಲಾಭದ ಮೇಲಲ್ಲ, ಉತ್ಪಾದನೆಯ ಮೇಲೆ, ಅಂದರೆ ಪ್ರತಿ ಪೌಂಡ್ ನೂಲಿಗೆ ಕಾಲಾಣೆಯಂತೆ ಪಡೆಯುತ್ತಿದ್ದರು. ಗಿರಣಿ ನಷ್ಟದಲ್ಲಿ ಓಡಿದರೂ ಏಜೆಂಟನಿಗೆ ಲಾಭವೇ. ಸ್ವಂತ ಪಾಲು ಕಡಿಮೆ, ಅಧಿಕಾರ ಪೂರ್ತಿ, ಪ್ರತಿಫಲ ಷೇರುದಾರನ ಪ್ರತಿಫಲಕ್ಕೆ ಸಂಬಂಧಿಸದ್ದು: ಇಂಥ ಕಡೆ ಲಾಭಾಂಶ ಸೊರಗುವುದರಲ್ಲಿ ಆಶ್ಚರ್ಯವೇನು? 1936ರ ತಿದ್ದುಪಡಿ ಕಮಿಷನ್ನನ್ನು ನಿವ್ವಳ ಲಾಭಕ್ಕೆ ಕಟ್ಟಿತು. 1970ರ ಏಪ್ರಿಲ್‌ನಲ್ಲಿ ಪದ್ಧತಿಯೇ ರದ್ದಾಯಿತು.

ಇದರ ನಡುವೆ, 1905ರಲ್ಲಿ, ಗದಗಿಗೆ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘ ಇದಕ್ಕೆ ಪೂರ್ತಿ ವಿರುದ್ಧವಾದ ಮಾದರಿ. 1904ರ ಕಾಯಿದೆಯಂತೆ ಗ್ರಾಮೀಣ ಸಂಘದ ಸದಸ್ಯರ ಹೊಣೆ ಅಪರಿಮಿತ. ಸಂಘ ಮುಳುಗಿದರೆ ಪ್ರತಿಯೊಬ್ಬನ ಹೊಲಮನೆಯೂ ಹೊಣೆ. ಅಲ್ಲಿ ಎಲ್ಲರೂ ಒಳಗಿನವರೇ, ಹೊರಗಿನ ಷೇರುದಾರನೆಂಬುವನಿಲ್ಲ. ಸಂಘದ ಪಾಲಿಗೆ ಪೇಟೆಯ ಬೆಲೆಯಿಲ್ಲವಾದ್ದರಿಂದ ಗಳಿಕೆಯ ಹೋಲಿಕೆ ಸಲ್ಲದು. ಆದರೂ ಸಾಲ ಕೊಡುವಾಗ ಪ್ರತಿ ಸದಸ್ಯನೂ ನೆರೆಯವನ ನಡತೆಯನ್ನು ತೂಗಿ ನೋಡುವಂತೆ ಮಾಡಿದ್ದು ಆ ಹೊಣೆಯೇ.

ಅರ್ಥಶಾಸ್ತ್ರಜ್ಞರು ಈ ವಿಷಯವನ್ನು ಲೆಕ್ಕದ ಭಾಷೆಗೆ ತಂದದ್ದು ಬಹಳ ತಡವಾಗಿ. 1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್ ಎಂಬವರು, ಆಡಳಿತಗಾರನ ಸ್ವಂತ ಪಾಲು ಕಡಿಮೆಯಾದಷ್ಟೂ ಅವನ ದುಂದಿನ ಭಾರ ಇತರರ ಮೇಲೆ ಹೆಚ್ಚು ಬೀಳುತ್ತದೆಂದು ತೋರಿಸಿದರು. ಹಾಗಿದ್ದರೆ ಪಾಲು ಹೆಚ್ಚಿದಷ್ಟೂ ಒಳಿತೇ? 1988ರಲ್ಲಿ ಮಾರ್ಕ್, ಶ್ಲೈಫರ್, ವಿಶ್ನಿ ಎಂಬ ಮೂವರು ಅಮೆರಿಕದ 371 ದೊಡ್ಡ ಕಂಪನಿಗಳನ್ನು ಪರಿಶೀಲಿಸಿದಾಗ ದೊರೆತ ಉತ್ತರ ಅಷ್ಟು ಸರಳವಾಗಿರಲಿಲ್ಲ. ನಿರ್ದೇಶಕರ ಪಾಲು ಶೇಕಡಾ 5ರವರೆಗೆ ಏರುವಾಗ ಕಂಪನಿಯ ಮೌಲ್ಯವೂ ಏರಿತು. 5ರಿಂದ 25ರವರೆಗೆ ಇಳಿಯಿತು. ಅದಕ್ಕೂ ಮೇಲೆ ಮತ್ತೆ ನಿಧಾನವಾಗಿ ಏರಿತು. ನಡುವಿನ ಇಳಿತಕ್ಕೆ ಕಾರಣವಿದೆ: ಕುರ್ಚಿಯಿಂದ ಯಾರೂ ಇಳಿಸಲಾರದಷ್ಟು ಪಾಲು ಅವನಿಗೆ ಬಂದಿರುತ್ತದೆ, ನಷ್ಟ ತನ್ನನ್ನೇ ಸುಡುವಷ್ಟು ಪಾಲು ಇನ್ನೂ ಬಂದಿರುವುದಿಲ್ಲ.

ಹಣ ಎತ್ತುವ ಬಗೆಯೂ ಮಾತಾಡುತ್ತದೆ. ಒಳಗಿನ ಸ್ಥಿತಿ ಬಲ್ಲ ಯಜಮಾನ ತನ್ನ ಷೇರು ಅಗ್ಗವೆಂದು ತಿಳಿದರೆ ಹೊರಗಿನವರಿಗೆ ಮಾರಲು ಹೋಗುವುದಿಲ್ಲ. ದುಬಾರಿಯೆಂದು ತೋರಿದಾಗಲೇ ಹೊಸ ಷೇರು ಹೊರಡಿಸುತ್ತಾನೆ. ಇದನ್ನು ಕೊಳ್ಳುವವರೂ ಅರಿತಿರುವುದರಿಂದ ಹೊಸ ಷೇರಿನ ಪ್ರಕಟಣೆಗೆ ಬೆಲೆ ಇಳಿಯುತ್ತದೆಂದು ಮೈಯರ್ಸ್ ಮತ್ತು ಮಜ್ಲುಫ್ 1984ರಲ್ಲಿ ವಾದಿಸಿದರು. ಹೊಸ ಷೇರು ಹೊರಡಿಸಿದ ಅಮೆರಿಕದ ಕಂಪನಿಗಳು ಮುಂದಿನ ಐದು ವರ್ಷ ಅದೇ ಗಾತ್ರದ ಇತರ ಕಂಪನಿಗಳಿಗಿಂತ ಗಣನೀಯವಾಗಿ ಕಡಿಮೆ ಗಳಿಕೆ ಕೊಟ್ಟುವೆಂದು ಲಾಫ್ರನ್ ಮತ್ತು ರಿಟ್ಟರ್ 1995ರಲ್ಲಿ ಅಂಕಿಗಳ ಸಹಿತ ತೋರಿಸಿದರು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಷೇರು ಕೊಳ್ಳುವ ಮನೆಗಳಲ್ಲಿ ಇದರ ಬಗ್ಗೆ ಬಹಳ ಗೊಂದಲವಿದೆ. ಕಂಪನಿಯ ಮೌಲ್ಯ ಬೇರೆ, ಷೇರುದಾರನ ಗಳಿಕೆ ಬೇರೆ. ಯಜಮಾನ ಪ್ರಾಮಾಣಿಕನೆಂಬುದು ಊರಿಗೆಲ್ಲ ತಿಳಿದಿದ್ದರೆ ಅದರ ಬೆಲೆ ಷೇರಿನ ದರದಲ್ಲಿ ಆಗಲೇ ಸೇರಿರುತ್ತದೆ. ಆ ದರಕ್ಕೆ ಕೊಂಡವನಿಗೆ ಹೆಚ್ಚಿನ ಗಳಿಕೆ ಬರಬೇಕೆಂಬ ನಿಯಮವೇನೂ ಇಲ್ಲ. ಪೇಟೆ ಇನ್ನೂ ಅರಿಯದುದನ್ನು ಅರಿತವನಿಗೆ ಮಾತ್ರ ಅದು ಒದಗುತ್ತದೆ.

ಇನ್ಫೋಸಿಸ್‌ನ ಕಥೆ ಇದಕ್ಕೆ ಉದಾಹರಣೆ. 1981ರಲ್ಲಿ ಏಳು ಮಂದಿ ಕೂಡಿ ಆರಂಭಿಸಿದ ಈ ಕಂಪನಿ 1993ರ ಫೆಬ್ರುವರಿಯಲ್ಲಿ ಒಂದಕ್ಕೆ ರೂ. 95ರಂತೆ ಷೇರು ಹೊರಡಿಸಿದಾಗ ಕೊಳ್ಳುವವರು ಸಾಕಷ್ಟು ಬರಲಿಲ್ಲ. ಉಳಿದುದರಲ್ಲಿ ದೊಡ್ಡ ಭಾಗವನ್ನು ಮಾರ್ಗನ್ ಸ್ಟ್ಯಾನ್ಲಿ ಕೊಂಡಿತು. ಜೂನ್‌ನಲ್ಲಿ ಪೇಟೆಯಲ್ಲಿ ತೆರೆದುಕೊಂಡದ್ದು ರೂ. 145ಕ್ಕೆ. ಅಂದು ರೂ. 9,500 ಕೊಟ್ಟು 100 ಷೇರು ಕೊಂಡು ಸುಮ್ಮನಿದ್ದವನ ಬಳಿ, ಬೋನಸ್ಸುಗಳೂ ಒಂದು ವಿಭಜನೆಯೂ ಸೇರಿ, 2018ರ ಹೊತ್ತಿಗೆ 1,02,400 ಷೇರುಗಳಾದವು. ಸ್ಥಾಪಕರ ಪಾಲು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದು ಶೇಕಡಾ 15ರೊಳಗೆ ಬಂದಿದೆ. ಅಂದರೆ ಹೆಚ್ಚು ಪಾಲೇ ಹೆಚ್ಚು ಗಳಿಕೆಯ ಮೂಲವಲ್ಲ. ಇಲ್ಲಿ ಕೆಲಸ ಮಾಡಿದ್ದು ಬೇರೆ ಸಂಗತಿಗಳು: ಕಂಪನಿ ಸಾಲಕ್ಕೆ ಕೈಚಾಚಲಿಲ್ಲ, ಪಾಲನ್ನು ನೌಕರರಿಗೂ ಹಂಚಿತು, ಲೆಕ್ಕವನ್ನು ಕಾಯಿದೆ ಕೇಳಿದುದಕ್ಕಿಂತ ಹೆಚ್ಚಾಗಿ ತೆರೆದಿಟ್ಟಿತು. 2025ರಲ್ಲಿ ಕಂಪನಿ ರೂ. 18,000 ಕೋಟಿಯ ಷೇರುಗಳನ್ನು ಮರಳಿ ಕೊಳ್ಳಲು ಹೊರಟಾಗ ಸ್ಥಾಪಕರು ತಮ್ಮ ಷೇರು ಕೊಡುವುದಿಲ್ಲವೆಂದರು. ಅದರಲ್ಲಿ ತೆರಿಗೆಯ ಲೆಕ್ಕವೂ ಇದ್ದೀತು. ಆದರೂ ಪೇಟೆ ಅಂಥ ಮಾತಿಗೆ ಕಿವಿಗೊಡುತ್ತದೆ.

ಬೆಂಗಳೂರಿನದೇ ಆದ ವಿಪ್ರೋದಲ್ಲಿ ಇದಕ್ಕೆ ತಿರುಗುಮುರುಗು. 2000ದ ಸುಮಾರಿಗೆ ಪ್ರೇಮ್‌ಜಿಯವರ ಪಾಲು ಶೇಕಡಾ 80ನ್ನು ಮೀರಿತ್ತು. ಕನಿಷ್ಠ ಶೇಕಡಾ 25 ಸಾರ್ವಜನಿಕರ ಕೈಯಲ್ಲಿರಬೇಕೆಂಬ 2010ರ ನಿಯಮ ಬಂದ ಮೇಲೆ ಅದನ್ನು ಇಳಿಸಬೇಕಾಯಿತು. ಎರಡೂ ಕಂಪನಿಗಳ ಷೇರುದಾರರು ಉದ್ಧಾರವಾದರು. ಎರಡರಲ್ಲಿಯೂ ಸಮಾನವಾದುದು ಪಾಲಿನ ಪ್ರಮಾಣವಲ್ಲ.

ಇನ್ಫೋಸಿಸ್ ಷೇರು ಹೊರಡಿಸಿದ ಆ ವರ್ಷಗಳನ್ನು ಪೂರ್ತಿ ಬಂಗಾರದ ಬಣ್ಣದಲ್ಲಿ ನೋಡಬೇಕಾಗಿಯೂ ಇಲ್ಲ. 1992ರಲ್ಲಿ ಬಂಡವಾಳ ನಿಯಂತ್ರಣಾಧಿಕಾರಿಯ ಕಚೇರಿ ಮುಚ್ಚಿ, ಷೇರಿನ ದರ ನಿಗದಿ ಮಾಡುವ ಸ್ವಾತಂತ್ರ್ಯ ಕಂಪನಿಗಳಿಗೆ ಬಂದಿತ್ತು. ಮುಂದಿನ ಮೂರು-ನಾಲ್ಕು ವರ್ಷಗಳಲ್ಲಿ ಹಣ ಎತ್ತಿ ವಿಳಾಸವೂ ಸಿಗದಂತೆ ಮಾಯವಾದ ಕಂಪನಿಗಳ ಅರ್ಜಿಗಳು ಗದಗಿನಲ್ಲಿಯೂ ಮಾರಾಟವಾಗಿದ್ದವು. ಪ್ರತಿಷ್ಠಿತ ಕಂಪನಿಗಳಲ್ಲಿ ಕೆಲವು ಪ್ರವರ್ತಕರು ಪೇಟೆಯ ದರಕ್ಕಿಂತ ಬಹಳ ಕಡಿಮೆಗೆ ತಮಗೆ ತಾವೇ ಷೇರು ಹಂಚಿಕೊಂಡು ಪಾಲು ಹೆಚ್ಚಿಸಿಕೊಂಡರು; ಸೆಬಿ 1994ರಲ್ಲಿ ದರದ ನಿಯಮ ಮಾಡಿ ಇದನ್ನು ತಡೆಯಿತು. ಒಳಗಿನವನ ಪಾಲು ಏರಿತೆಂಬ ಸುದ್ದಿ ಕೇಳಿದೊಡನೆ ಹಿಗ್ಗುವವರು ಯಾವ ದರಕ್ಕೆ ಏರಿತೆಂದೂ ಕೇಳಬೇಕು.

1865ರ ಚಕ್ರ ಹೊಸ ಶತಮಾನದಲ್ಲಿ ಮತ್ತೆ ಕಾಣಿಸಿಕೊಂಡಿತು. ಹೈದರಾಬಾದಿನ ಸತ್ಯಂ ಕಂಪನಿಯಲ್ಲಿ ಪ್ರವರ್ತಕರ ಪಾಲು 2001ರಲ್ಲಿ ಶೇಕಡಾ 25ರಷ್ಟಿದ್ದದ್ದು 2008ರ ಕೊನೆಗೆ ಶೇಕಡಾ 8ರ ಆಸುಪಾಸಿಗೆ ಇಳಿದಿತ್ತು. ಉಳಿದುದೂ ಸಾಲಗಾರರ ಬಳಿ ಒತ್ತೆ ಬಿದ್ದಿತ್ತು. ಆ ಡಿಸೆಂಬರ್‌ನಲ್ಲಿ ಕುಟುಂಬದ ಕಂಪನಿಗಳನ್ನು ಸತ್ಯಂ ಹಣದಿಂದ ಕೊಳ್ಳುವ ಪ್ರಯತ್ನ ವಿಫಲವಾಯಿತು. ಬೆಲೆ ಕುಸಿಯಿತು, ಸಾಲ ಕೊಟ್ಟವರು ಒತ್ತೆಯ ಷೇರುಗಳನ್ನು ಮಾರಿದರು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ ನಗದಿನಲ್ಲಿ ರೂ. 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರು ಮುಕ್ಕಾಲು ಪಾಲಿಗೂ ಹೆಚ್ಚು ಬಿತ್ತು. ಸುಳ್ಳು ಬರಹವನ್ನು ತತ್ತ್ವಾರ್ಥಸೂತ್ರ 'ಕೂಟಲೇಖಕ್ರಿಯಾ' ಎನ್ನುತ್ತದೆ. ನಂಬಿ ಇಟ್ಟದ್ದನ್ನು ಅಪಹರಿಸುವುದನ್ನು 'ನ್ಯಾಸಾಪಹಾರ'ವೆನ್ನುತ್ತದೆ. ಎರಡನ್ನೂ ಅಚೌರ್ಯದ ಕೆಳಗಲ್ಲ, ಸತ್ಯಾಣುವ್ರತದ ಅತಿಚಾರಗಳಾಗಿಯೇ ಹೇಳಿರುವುದು ಗಮನಾರ್ಹ. ಲೆಕ್ಕಪತ್ರದ ಸುಳ್ಳು ಮೊದಲು ಮಾತಿನ ಸುಳ್ಳು, ಕಳವು ಅನಂತರದ್ದು.

ಕಿಂಗ್‌ಫಿಷರ್ ವಿಮಾನ ಕಂಪನಿಯಲ್ಲಿ ತಪ್ಪು ಸಾಲ ಕೊಟ್ಟವರದೂ ಹೌದು. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಪೇಟೆಯ ದರಕ್ಕಿಂತ ಶೇಕಡಾ 60ಕ್ಕೂ ಹೆಚ್ಚಿನ ದರದಲ್ಲಿ, ಒಂದಕ್ಕೆ ರೂ. 64.48ರಂತೆ, ಷೇರುಗಳಾಗಿ ಪರಿವರ್ತಿಸಿಕೊಂಡವು. ಮರುವರ್ಷದ ಅಕ್ಟೋಬರ್‌ನಲ್ಲಿ ವಿಮಾನಗಳು ಹಾರುವುದನ್ನೇ ನಿಲ್ಲಿಸಿದವು.

ಕನ್ನಡ ನಾಡಿನ ಮನಸ್ಸನ್ನು ಹೆಚ್ಚು ಕಲಕಿದ್ದು ಚಿಕ್ಕಮಗಳೂರಿನ ಕಾಫಿ ಡೇ. ಮಲೆನಾಡಿನ ಸಾವಿರಾರು ಯುವಕಯುವತಿಯರಿಗೆ ಉದ್ಯೋಗ ಕೊಟ್ಟ ಸಿದ್ಧಾರ್ಥ ಅವರು 2015ರಲ್ಲಿ ಒಂದಕ್ಕೆ ರೂ. 328ರಂತೆ ಷೇರು ಹೊರಡಿಸಿ ರೂ. 1,150 ಕೋಟಿ ಎತ್ತಿದರು. ಪ್ರವರ್ತಕರ ಬಳಗದ ಪಾಲು ಅರ್ಧಕ್ಕಿಂತ ಹೆಚ್ಚು. ಮೇಲುನೋಟಕ್ಕೆ ಇದಕ್ಕಿಂತ ಭರವಸೆ ಬೇಕೆ? ಆದರೆ 2019ರ ನಡುವಿಗೆ ಆ ಪಾಲಿನ ಸುಮಾರು ಮುಕ್ಕಾಲು ಭಾಗ ಒತ್ತೆಯಲ್ಲಿತ್ತು. ಮೈಂಡ್‌ಟ್ರೀ ಕಂಪನಿಯಲ್ಲಿದ್ದ ಪಾಲನ್ನು ಮಾರಿದರೂ ಸಾಲದ ಹಗ್ಗ ಸಡಿಲಲಿಲ್ಲ. ಆ ಜುಲೈ ತಿಂಗಳ ಕೊನೆಯಲ್ಲಿ ನೇತ್ರಾವತಿಯ ದಡದಲ್ಲಿ ನಡೆದುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಕಂಪನಿ ನೇಮಿಸಿದ ತನಿಖಾಧಿಕಾರಿಯ ವರದಿ ಮರುವರ್ಷ ಪ್ರಕಟವಾಯಿತು. ಅದರಂತೆ, ಸ್ಥಾಪಕರ ಖಾಸಗಿ ಎಸ್ಟೇಟ್ ಕಂಪನಿಯಿಂದ ಕಾಫಿ ಡೇಯ ಉಪಸಂಸ್ಥೆಗಳಿಗೆ ಬರಬೇಕಾಗಿದ್ದ ಮೊತ್ತ ರೂ. 3,535 ಕೋಟಿ. ರೂ. 328 ಕೊಟ್ಟವರಿಗೆ ಆ ಹಣ ಹಿಂದಿರುಗಲಿಲ್ಲ. ಒಬ್ಬ ಉದ್ಯಮಶೀಲನ ದುರಂತವೆಂದು ಕಣ್ಣೀರಿಡುವಾಗ ಅವರ ನಷ್ಟವನ್ನೂ ನೆನೆಯುವುದು ನ್ಯಾಯ.

ಒತ್ತೆಯಿಡುವುದೇ ಪಾಪವೆಂದು ಇದರ ಅರ್ಥವಲ್ಲ. ಕಂಪನಿಗೆ ಬೇಕಾದ ಸಾಲಕ್ಕೆ ಯಜಮಾನ ತನ್ನ ಪಾಲನ್ನು ಭದ್ರತೆಯಾಗಿ ಕೊಡುವುದು ಕೆಲವು ವೇಳೆ ಅವನ ನಂಬಿಕೆಯ ಗುರುತೂ ಆದೀತು. ತನ್ನ ಬೇರೆ ವ್ಯವಹಾರಗಳಿಗಾಗಿ ಒತ್ತೆಯಿಟ್ಟರೆ ಮಾತು ಬೇರೆ. ಆಗ ಈ ಕಂಪನಿಯ ಷೇರುದಾರ ತನಗೆ ಸಂಬಂಧವಿಲ್ಲದ, ಲೆಕ್ಕ ಕಾಣದ ಇನ್ನೊಂದು ಉದ್ಯಮದ ಅಪಾಯವನ್ನು ಅರಿಯದೆ ಹೊರುತ್ತಾನೆ. ಕಾಗದದ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

1864ರ ಷೇರುದಾರನಿಗೆ ಇಲ್ಲದಿದ್ದ ಒಂದು ಸಾಧನ ಇಂದಿನವನಿಗೆ ಇದೆ. ಸತ್ಯಂ ಪ್ರಕರಣದ ಬೆನ್ನಿಗೆ, 2009ರ ಜನವರಿಯಲ್ಲಿಯೇ, ಪ್ರವರ್ತಕರು ಒತ್ತೆಯಿಟ್ಟ ಷೇರುಗಳ ವಿವರ ಪ್ರಕಟಿಸುವುದನ್ನು ಸೆಬಿ ಕಡ್ಡಾಯ ಮಾಡಿತು. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ಸಲ್ಲಿಸುವ ಪಾಲುದಾರಿಕೆಯ ಪಟ್ಟಿಯಲ್ಲಿ ಪ್ರವರ್ತಕರ ಹೆಸರಿನ ಮುಂದೆ ಅದಕ್ಕೊಂದು ಅಂಕಣವಿದೆ. ಷೇರುಪೇಟೆಯ ಜಾಲತಾಣದಲ್ಲಿ ಯಾರೂ ಹಣ ಕೊಡದೆ ನೋಡಬಹುದು. ಒತ್ತೆ ಪ್ರವರ್ತಕರ ಪಾಲಿನ ಅರ್ಧವನ್ನು ಇಲ್ಲವೆ ಕಂಪನಿಯ ಒಟ್ಟು ಬಂಡವಾಳದ ಐದರಲ್ಲೊಂದನ್ನು ಮುಟ್ಟಿದರೆ ಅದರ ಕಾರಣವನ್ನೂ ಬರೆದು ತಿಳಿಸಬೇಕೆಂದು 2019ರಲ್ಲಿ ಸೇರಿಸಲಾಯಿತು. ಮಗನೋ ಮೊಮ್ಮಗನೋ ಷೇರೊಂದರ ಹೆಸರು ಹೇಳಿ ಹಣ ಕೇಳಿದಾಗ ಹಿರಿಯರು ಕಳೆದ ನಾಲ್ಕು ತ್ರೈಮಾಸಿಕಗಳ ಆ ಅಂಕಣವನ್ನೂ, ಒತ್ತೆಗೆ ಬರೆದ ಕಾರಣವನ್ನೂ ಓದಿ ಹೇಳೆಂದು ಕೇಳಬಹುದು.